ದೀರ್ಘಕಾಲದ ನೋವಿಗೆ ಯೋಗ ಮತ್ತು ಧ್ಯಾನ: ಪಶ್ಚಿಮ ಬೆಂಗಳೂರು

ಮೂರು ತಿಂಗಳು ದಾಟಿದರೂ ಬಿಡದ ಅಥವಾ ಬಿಟ್ಟುಬಿಟ್ಟು ಮರಳುವ ನೋವನ್ನು ವೈದ್ಯಶಾಸ್ತ್ರ ದೀರ್ಘಕಾಲದ ನೋವು ಎಂದು ಕರೆಯುತ್ತದೆ. ಸೊಂಟ, ಮಂಡಿ, ಕತ್ತು, ಭುಜಗಳ ನೋವು, ಅರೆತಲೆನೋವು, ಸಂಧಿವಾತ, ಮೈಯೆಲ್ಲ ನೋಯುವ ಫೈಬ್ರೊಮಯಾಲ್ಜಿಯ ಇದರ ಸಾಮಾನ್ಯ ರೂಪಗಳು. ಬಹುಕಾಲ ಇದನ್ನು ಬೇರೆ ಯಾವುದೋ ಕಾಯಿಲೆಯ ಲಕ್ಷಣವೆಂದು ಮಾತ್ರ ಎಣಿಸುತ್ತಿದ್ದರು. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ 11ನೇ ಆವೃತ್ತಿ 2022ರ ಜನವರಿಯಲ್ಲಿ ಜಾರಿಗೆ ಬಂದಾಗ ಅದಕ್ಕೆ ಸ್ವತಂತ್ರ ಸ್ಥಾನ ಸಿಕ್ಕಿತು. ಭಾರತದ ವಯಸ್ಕರಲ್ಲಿ ಶೇ. 19.3ರಷ್ಟು ಮಂದಿಗೆ ಇಂಥ ನೋವಿದೆ ಎಂದು 2018ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ಅಂದಾಜು ಮಾಡಿತು. ಗಂಡಸರಿಗಿಂತ ಹೆಂಗಸರಲ್ಲಿ ಪ್ರಮಾಣ ಹೆಚ್ಚು.

ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಕೆಂಗೇರಿಗಳನ್ನು ಒಳಗೊಂಡ ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ಈ ನೋವಿಗೆ ಯೋಗವನ್ನು ಆಶ್ರಯಿಸುವುದು ಹೊಸ ಸಂಗತಿಯಲ್ಲ. ಮೂಳೆ ವೈದ್ಯರು ಚೀಟಿಯಲ್ಲಿ ಮಾತ್ರೆಯ ಕೆಳಗೆ "ಯೋಗ ಮಾಡಿ" ಎಂದು ಬರೆದುಕೊಡುವುದೂ ಉಂಟು. ಆದರೆ ಯಾವ ಯೋಗ, ಎಷ್ಟು, ಯಾರ ಬಳಿ ಎಂಬುದು ಚೀಟಿಯಲ್ಲಿ ಇರುವುದಿಲ್ಲ. ಈವರೆಗಿನ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ: ಯೋಗದಿಂದ ನೋವು ಇಳಿಯುವುದು ಸ್ವಲ್ಪ, ನೋವಿದ್ದವರ ಓಡಾಟ ಸುಧಾರಿಸುವುದು ಹಲವು ಪ್ರಯೋಗಗಳಲ್ಲಿ ಅದಕ್ಕಿಂತ ಹೆಚ್ಚು. ಈ ವ್ಯತ್ಯಾಸ ತಿಳಿಯದೆ ತರಗತಿಗೆ ಸೇರಿದ ಹಲವರು ತಿಂಗಳೊಳಗೆ ಬಿಟ್ಟುಬಿಡುತ್ತಾರೆ.

ಪ್ರದೇಶ ಮತ್ತು ಕೆಲಸ

ಪಶ್ಚಿಮ ಬೆಂಗಳೂರು ದುಡಿಮೆಯ ಬೆಂಗಳೂರು. ರಾಜಾಜಿನಗರ ಬೆಳೆದದ್ದೇ ಕೈಗಾರಿಕಾ ಉಪನಗರವಾಗಿ. ಅದರ ಆಚೆಗೆ ಪೀಣ್ಯ, ಇತ್ತ ಮಾಗಡಿ ರಸ್ತೆ, ಮೈಸೂರು ರಸ್ತೆಯಲ್ಲಿ ಬಿಎಚ್‌ಇಎಲ್, ಸಿದ್ಧ ಉಡುಪಿನ ಕಾರ್ಖಾನೆಗಳು, ಒಳಗಿನ ಗಲ್ಲಿಗಳಲ್ಲಿ ಅಗರಬತ್ತಿ ಹೊಸೆಯುವ ಮನೆಗಳು. ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೆ ಈ ವಲಯದ ವಿಮೆಯುಳ್ಳ ಕಾರ್ಮಿಕರು ಬರುತ್ತಾರೆ. ವಿಜಯನಗರ, ಬಸವೇಶ್ವರನಗರಗಳಲ್ಲಿ ಸರ್ಕಾರಿ ಕಚೇರಿ, ಬ್ಯಾಂಕು, ಸಾರ್ವಜನಿಕ ಉದ್ದಿಮೆಗಳಿಂದ ನಿವೃತ್ತರಾದವರು ಬಹಳ. ಕೆಂಗೇರಿ ಹಳೆಯ ಹೋಬಳಿ ಊರು. 2021ರ ಆಗಸ್ಟ್‌ನಲ್ಲಿ ನೇರಳೆ ಮಾರ್ಗದ ಮೆಟ್ರೊ ಅಲ್ಲಿಗೆ ತಲುಪುವ ಮುಂಚೆ, ನಗರಕ್ಕೆ ದಿನವೂ ಹೋಗಿಬರುವವರ ಸೊಂಟದ ಮೇಲೆ ಮೈಸೂರು ರಸ್ತೆಯ ಗುಂಡಿಗಳ ಲೆಕ್ಕವೆಲ್ಲ ಬರೆದಿರುತ್ತಿತ್ತು.

ನೋವು ಕೆಲಸದ ಬೆನ್ನು ಹತ್ತಿ ಬರುತ್ತದೆ. ಹೊಲಿಗೆ ಯಂತ್ರದ ಮುಂದೆ ದಿನವಿಡೀ ಕತ್ತು ಬಗ್ಗಿಸಿ ಕೂತವರಿಗೆ ಕತ್ತು, ಭುಜ, ಮಣಿಕಟ್ಟು. ನೆಲದ ಮೇಲೆ ಕಾಲು ಮಡಚಿ ಅಗರಬತ್ತಿ ಹೊಸೆಯುವವರಿಗೆ ಸೊಂಟ ಮತ್ತು ಮಂಡಿ. ದ್ವಿಚಕ್ರದವರಿಗೆ, ಕಂಪ್ಯೂಟರಿನವರಿಗೆ ಕೆಳಬೆನ್ನು. ಐವತ್ತು ದಾಟಿದ ಗೃಹಿಣಿಯರಲ್ಲಿ ಮಂಡಿ ನೋವು ಎಷ್ಟು ಸಾಮಾನ್ಯವೆಂದರೆ, ಮದುವೆ ಛತ್ರದ ಊಟದ ಸಾಲಿನಲ್ಲಿ ಎಲೆ ಹಾಕುವ ಮೊದಲು ಮೇಜು ಕುರ್ಚಿ ಎಲ್ಲಿವೆ ಎಂದು ಹುಡುಕುವುದು ಈಗ ರೂಢಿಯಾಗಿದೆ.

ನೋವು ಹಳೆಯದಾಗುವ ಬಗೆ

ಎಕ್ಸ್‌ರೇ ಅಥವಾ ಎಂಆರ್‌ಐ ವರದಿ ಹಿಡಿದು ಬಂದವರು "ಮೂಳೆ ಸವೆದಿದೆಯಂತೆ", "ಡಿಸ್ಕ್ ಗ್ಯಾಪ್ ಬಂದಿದೆಯಂತೆ" ಎನ್ನುತ್ತಾರೆ. ವರದಿ ಸುಳ್ಳಲ್ಲ, ಆದರೆ ನೋವಿಗೆ ಅದೇ ಕಾರಣವೆಂದು ಹೇಳುವುದು ಕಷ್ಟ. ಬೆನ್ನು ನೋವೇ ಇಲ್ಲದವರ ಚಿತ್ರಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯ ಪ್ರಕಾರ, ಡಿಸ್ಕಿನ ಸವೆತ 20ರ ಹರೆಯದವರಲ್ಲೂ ಶೇ. 37ರಷ್ಟು ಮಂದಿಯಲ್ಲಿ ಕಾಣುತ್ತದೆ, 80ರವರಲ್ಲಿ ಶೇ. 96ರಷ್ಟು. ಸವೆತವಿದ್ದೂ ಆರಾಮಾಗಿ ಓಡಾಡುವವರು ಇದ್ದಾರೆ, ಚಿತ್ರ ಚೆನ್ನಾಗಿದ್ದೂ ಏಳಲಾರದವರಿದ್ದಾರೆ.

ಈ ಒಗಟನ್ನು ಬಿಡಿಸುವತ್ತ ದೊಡ್ಡ ಹೆಜ್ಜೆ ಇಟ್ಟವರು ರೊನಾಲ್ಡ್ ಮೆಲ್ಜ್ಯಾಕ್ ಮತ್ತು ಪ್ಯಾಟ್ರಿಕ್ ವಾಲ್. ದೇಹದಿಂದ ಬರುವ ನೋವಿನ ಸುದ್ದಿ ನೇರವಾಗಿ ಮಿದುಳಿಗೆ ಹೋಗುವುದಿಲ್ಲ, ಬೆನ್ನುಹುರಿಯಲ್ಲಿ ಅದನ್ನು ಹಿಗ್ಗಿಸುವ, ಕುಗ್ಗಿಸುವ ವ್ಯವಸ್ಥೆಯಿದೆ, ಮಿದುಳು ಕೂಡ ಮೇಲಿನಿಂದ ಅದರ ಮೇಲೆ ಹಿಡಿತ ಇಟ್ಟುಕೊಂಡಿದೆ ಎಂದು ಅವರು 1965ರಲ್ಲಿ ವಾದಿಸಿದರು. ವಿವರಗಳು ಆಮೇಲೆ ಬದಲಾದರೂ ಮೂಲ ವಿಚಾರ ಉಳಿದಿದೆ. ತಿಂಗಳುಗಟ್ಟಲೆ ನೋವು ಮುಂದುವರಿದಾಗ ನರವ್ಯೂಹ ಸೂಕ್ಷ್ಮವಾಗುತ್ತದೆ. ಮೊದಲು ನೋಯದಿದ್ದ ಸಣ್ಣ ಚಲನೆಯೂ ನೋಯತೊಡಗುತ್ತದೆ. ನೋವಿನ ಹೆದರಿಕೆಯಿಂದ ಮನುಷ್ಯ ಬಗ್ಗುವುದನ್ನು, ನಡೆಯುವುದನ್ನು ಬಿಡುತ್ತಾನೆ. ಸ್ನಾಯುಗಳು ಸೊರಗುತ್ತವೆ, ಕೀಲುಗಳು ಬಿಗಿಯುತ್ತವೆ, ನಿದ್ದೆ ಕೆಡುತ್ತದೆ, ನಿದ್ದೆಗೆಟ್ಟ ಮರುದಿನ ನೋವು ಇನ್ನಷ್ಟು ಏರುತ್ತದೆ. ಈ ಸುತ್ತನ್ನು ಮುರಿಯಲು ಮಾತ್ರೆಯೊಂದೇ ಸಾಲದು. ಚಲನೆ, ಉಸಿರು, ಗಮನ ಮೂರಕ್ಕೂ ಒಟ್ಟಿಗೆ ಕೈಹಾಕುವ ಅಭ್ಯಾಸಕ್ಕೆ ಇಲ್ಲಿ ಅವಕಾಶವಿರುವುದು ಆ ಕಾರಣಕ್ಕೆ.

ಮೈಸೂರಿನ ಪರಂಪರೆ

ಈಗ ಜಗತ್ತಿನೆಲ್ಲೆಡೆ ಬೆನ್ನು ನೋವಿಗೆ ಕಲಿಸುವ ಆಸನ ಕ್ರಮಗಳಲ್ಲಿ ಹಲವು ಕನ್ನಡ ನೆಲದಲ್ಲಿ ರೂಪುಗೊಂಡವು. ಚಿತ್ರದುರ್ಗ ಸೀಮೆಯಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದರು. ಅವರ 'ಯೋಗ ಮಕರಂದ' 1934ರಲ್ಲಿ ಪ್ರಕಟವಾದದ್ದು ಕನ್ನಡದಲ್ಲಿ. ಅಲ್ಲಿ ಕಲಿತವರಲ್ಲಿ ಒಬ್ಬರು ಕೋಲಾರ ಜಿಲ್ಲೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್ (1918–2014). ಬಾಲ್ಯದಲ್ಲಿ ಮಲೇರಿಯ, ಟೈಫಾಯ್ಡ್, ಕ್ಷಯಗಳಿಂದ ಬಳಲಿ ಬಡಕಲಾಗಿದ್ದ ಅವರು ಕಾಯಿಲೆಯ ಮೈಯನ್ನು ಬಲ್ಲವರಾಗಿದ್ದರು. ಪಟ್ಟಿ, ಇಟ್ಟಿಗೆಯಾಕಾರದ ಮರದ ತುಂಡು, ಹಗ್ಗ, ಕುರ್ಚಿ, ದಿಂಬುಗಳ ಆಸರೆಯಿಂದ ಆಸನಗಳನ್ನು ಬಗ್ಗಲಾರದವರಿಗೂ ಎಟುಕುವಂತೆ ಮಾಡಿದ್ದು ನೋವಿನ ಚಿಕಿತ್ಸೆಗೆ ಅವರ ದೊಡ್ಡ ಕೊಡುಗೆ. 1952ರಲ್ಲಿ ಅವರನ್ನು ಭೇಟಿಯಾದ ಪಿಟೀಲು ವಾದಕ ಯೆಹೂದಿ ಮೆನುಹಿನ್ ಬಿಗಿತ ಮತ್ತು ನಿದ್ರಾಹೀನತೆಯಿಂದ ಕಂಗೆಟ್ಟಿದ್ದರು. ಮುಂದೆ ಅಯ್ಯಂಗಾರರಿಗೆ ಉಡುಗೊರೆ ಕೊಟ್ಟ ಗಡಿಯಾರದ ಮೇಲೆ ತನ್ನ ಅತ್ಯುತ್ತಮ ಪಿಟೀಲು ಗುರು ಎಂದು ಕೆತ್ತಿಸಿದರು.

ಅಯ್ಯಂಗಾರ್ ಪದ್ಧತಿಯನ್ನು ಆಧರಿಸಿದ ಒಂದು ಸಣ್ಣ ಅಮೆರಿಕನ್ ಪ್ರಯೋಗ 1998ರಲ್ಲಿ ಜಾಮಾ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಮಣಿಕಟ್ಟಿನ ನರ ಅದುಮಿ ಕೈ ಜೋಮು ಹಿಡಿಯುವ ತೊಂದರೆಯಿದ್ದ 42 ಮಂದಿಯಲ್ಲಿ, ಎಂಟು ವಾರ ಯೋಗ ಮಾಡಿದವರ ಹಿಡಿತದ ಬಲ ಹೆಚ್ಚಿ ನೋವು ಇಳಿಯಿತು. ಸಣ್ಣ ಸಂಖ್ಯೆ, ಹಳೆಯ ಅಧ್ಯಯನ. ಆದರೂ ಮೈಸೂರು ರಸ್ತೆಯ ಟೈಲರುಗಳ ಮಣಿಕಟ್ಟಿನ ಬಗ್ಗೆ ಮಾತಾಡುವವರು ಇದನ್ನು ತಿಳಿದಿರಬೇಕು.

ಜಿಗಣಿಯ ಪ್ರಯೋಗಗಳು

ಯೋಗವನ್ನು ಆಸ್ಪತ್ರೆಯ ಅಳತೆಗೋಲಿನಿಂದ ಅಳೆಯುವ ಕೆಲಸ ಕರ್ನಾಟಕದಲ್ಲಿ ಹೆಚ್ಚು ನಡೆದದ್ದು ನಗರದ ಇನ್ನೊಂದು ತುದಿಯಲ್ಲಿ, ಆನೇಕಲ್ ತಾಲ್ಲೂಕಿನ ಜಿಗಣಿ ಬಳಿಯ ಪ್ರಶಾಂತಿ ಕುಟೀರದಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ ನಾಸಾದಲ್ಲಿ ಕೆಲಸ ಮಾಡಿದ್ದ ಎಚ್.ಆರ್. ನಾಗೇಂದ್ರ ಮತ್ತು ವೈದ್ಯೆ ಆರ್. ನಾಗರತ್ನ ಕಟ್ಟಿದ ಸ್ವಾಮಿ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥಾನ ಅದು. 2002ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವಾಯಿತು. ಅಸ್ತಮಾದ ಮೇಲೆ ಇವರಿಬ್ಬರ ನಿಯಂತ್ರಿತ ಅಧ್ಯಯನ 1985ರಷ್ಟು ಹಿಂದೆಯೇ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಗಿತ್ತು.

ಬೆನ್ನು ನೋವಿನ ಮುಖ್ಯ ಅಧ್ಯಯನ ಪದ್ಮಿನಿ ಟೇಕೂರ್ ಮತ್ತು ಸಂಗಡಿಗರದು (2008). ದೀರ್ಘಕಾಲದ ಸೊಂಟ ನೋವಿದ್ದ 80 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ಒಂದು ವಾರ ಅಲ್ಲೇ ಇರಿಸಿಕೊಂಡರು. ಒಂದು ಗುಂಪಿಗೆ ಆಸನ, ಪ್ರಾಣಾಯಾಮ, ಧ್ಯಾನ, ಉಪನ್ಯಾಸ. ಇನ್ನೊಂದಕ್ಕೆ ಅಷ್ಟೇ ಹೊತ್ತಿನ ವ್ಯಾಯಾಮ ಮತ್ತು ತಿಳಿವಳಿಕೆ. ವಾರದ ಕೊನೆಗೆ ಎರಡೂ ಗುಂಪಿನವರ ಬೆನ್ನು ಹೆಚ್ಚು ಬಗ್ಗುತ್ತಿತ್ತು, ಯೋಗದವರದು ಇನ್ನಷ್ಟು. ಏಳುವುದು, ಕೂರುವುದು, ನಡೆಯುವುದು, ಭಾರ ಎತ್ತುವುದು ಮುಂತಾದ ನಿತ್ಯದ ಕೆಲಸಗಳಿಗೆ ಎಷ್ಟು ಅಡ್ಡಿಯಿದೆ ಎಂದು ಅಳೆಯುವ ಆಸ್ವೆಸ್ಟ್ರಿ ಸೂಚ್ಯಂಕದಲ್ಲಿ ಯೋಗದ ಗುಂಪು ಎದ್ದುಕಾಣುವಂತೆ ಮುಂದಿತ್ತು.

ಮಂಡಿ ಸವೆತದ ಮೇಲಿನ ಕೆಲಸ ಬೆಂಗಳೂರಿನ ಮೂಳೆ ತಜ್ಞ ಜಾನ್ ಎಬ್ನೆಜರ್ ಅವರದು. 35ರಿಂದ 80 ವಯಸ್ಸಿನ 250 ರೋಗಿಗಳು. ಎಲ್ಲರಿಗೂ ಫಿಸಿಯೊಥೆರಪಿಯ ವಿದ್ಯುತ್ ಮತ್ತು ಅಲ್ಟ್ರಾಸೌಂಡ್ ಚಿಕಿತ್ಸೆ. ಆಮೇಲೆ ಎರಡು ವಾರ ದಿನಕ್ಕೆ 40 ನಿಮಿಷ ಅರ್ಧದಷ್ಟು ಮಂದಿಗೆ ಯೋಗ, ಉಳಿದವರಿಗೆ ಮಾಮೂಲಿ ವ್ಯಾಯಾಮ. ಮನೆಯಲ್ಲಿ ಮುಂದುವರಿಸುವಂತೆ ಹೇಳಿ ಮೂರು ತಿಂಗಳವರೆಗೆ ಗಮನಿಸಿದರು. ನೋವು, ಬೆಳಗಿನ ಬಿಗಿತ, ಆತಂಕ ಮೂರರಲ್ಲೂ ಯೋಗದವರಿಗೆ ಹೆಚ್ಚು ಪ್ರಯೋಜನ ಕಂಡಿತು. ಯೋಗವನ್ನು ವೈದ್ಯದ ಎದುರಾಳಿಯಾಗಿ ನಿಲ್ಲಿಸದೆ ಅದರ ಪಕ್ಕಕ್ಕೆ ಜೋಡಿಸಿದ್ದು ಈ ಅಧ್ಯಯನದ ಗುಣ. ಕತ್ತು ನೋವಿನ 60 ರೋಗಿಗಳ ಮೇಲೆ 2010ರಲ್ಲಿ ಬಂದ ಅಧ್ಯಯನ ಇನ್ನೂ ಸರಳ: ಫಿಸಿಯೊಥೆರಪಿ ಮುಗಿದ ಮೇಲೆ ಒಂದು ಗುಂಪು 20 ನಿಮಿಷ ಸುಮ್ಮನೆ ಮಲಗಿತು, ಇನ್ನೊಂದು ಅಷ್ಟೇ ಹೊತ್ತು ಅ, ಉ, ಮ ಮತ್ತು ಓಂಕಾರದ ನಾದವನ್ನು ಮೈಯಲ್ಲಿ ಅನುಭವಿಸುವ ವಿಶ್ರಾಂತಿ ತಂತ್ರ ಮಾಡಿತು. ಹತ್ತು ದಿನದ ಕೊನೆಗೆ ನಾದದ ಗುಂಪಿನವರ ನೋವು, ಬಿಗಿತ ಹೆಚ್ಚು ಇಳಿದಿತ್ತು. ದಕ್ಷಿಣ ಭಾರತದ ದೊಡ್ಡ ಆಸ್ಪತ್ರೆಯೊಂದರಲ್ಲಿ ಸೊಂಟ ನೋವಿದ್ದ 88 ಮಹಿಳಾ ನರ್ಸ್‌ಗಳ ಮೇಲೆ ಆರು ವಾರ ನಡೆದ ಪ್ರಯೋಗವೂ (2018) ಇದೇ ಪರಂಪರೆಯದು. ಅವರು ಆಶ್ರಮಕ್ಕೆ ಹೋಗಲಿಲ್ಲ, ಪಾಳಿ ಕೆಲಸದ ನಡುವೆಯೇ ವಾರಕ್ಕೆ ಐದು ದಿನ ಅಭ್ಯಾಸ ಮಾಡಿದರು. ಸೊಂಟಕ್ಕೆ ರಜೆ ಇಲ್ಲದವರ ಮೇಲೆ ನಡೆದ ಪರೀಕ್ಷೆಯಾದ್ದರಿಂದ ಪಶ್ಚಿಮ ಬೆಂಗಳೂರಿನ ದುಡಿಯುವ ಹೆಂಗಸರಿಗೆ ಹೆಚ್ಚು ಹತ್ತಿರವಾದದ್ದು ಇದು.

ಈ ಅಧ್ಯಯನಗಳನ್ನು ಓದುವಾಗ ಎರಡು ಎಚ್ಚರ ಬೇಕು. ಯೋಗ ಕಲಿಸುವವರೇ ಯೋಗವನ್ನು ಪರೀಕ್ಷಿಸಿದ್ದಾರೆ. ಮಾತ್ರೆಯ ಪ್ರಯೋಗದಂತೆ ಇಲ್ಲಿ ನಕಲಿ ಯೋಗ ಕೊಟ್ಟು ರೋಗಿಯ ಕಣ್ಣು ಕಟ್ಟಲಾಗದು. ಇನ್ನೊಂದು, ಪ್ರಶಾಂತಿ ಕುಟೀರದಲ್ಲಿ ಒಂದು ವಾರ ಎಂದರೆ ಅಡುಗೆ ಇಲ್ಲ, ಸ್ಕೂಟರ್ ಇಲ್ಲ, ಮೇಲಧಿಕಾರಿಯ ಫೋನ್ ಇಲ್ಲ, ಹೊತ್ತಿಗೆ ಸರಿಯಾಗಿ ಸಾತ್ವಿಕ ಊಟ, ರಾತ್ರಿ ಬೇಗ ನಿದ್ದೆ. ಹೋಲಿಕೆಯ ಗುಂಪಿಗೂ ಅದೇ ಸೌಕರ್ಯ ಇತ್ತಾದ್ದರಿಂದ ಫಲಿತಾಂಶ ಹುಸಿಯಾಗದು. ಆದರೆ ಪಶ್ಚಿಮ ಬೆಂಗಳೂರಿನ ಕಾಮಾಕ್ಷಿಪಾಳ್ಯಕ್ಕೆ ಮರಳಿದ ಮೇಲೆ ಎಂಟನೇ ದಿನ ಏನಾಗುತ್ತದೆ ಎಂಬುದು ಆ ಅಧ್ಯಯನದ ಅಂಕಿಗಳಲ್ಲಿ ಇಲ್ಲ.

ಹೊರಗಿನ ಪುರಾವೆ

ಬೆನ್ನು ನೋವು ಮತ್ತು ಯೋಗದ ಬಗ್ಗೆ ಜಗತ್ತಿನ ಅಧ್ಯಯನಗಳನ್ನೆಲ್ಲ ಜರಡಿ ಹಿಡಿದ ಕಾಕ್ರೇನ್ ಪರಾಮರ್ಶೆ 2022ರಲ್ಲಿ ಪರಿಷ್ಕೃತವಾಯಿತು: 21 ಪ್ರಯೋಗಗಳು, 2,223 ಮಂದಿ. ಏನೂ ವ್ಯಾಯಾಮ ಮಾಡದವರಿಗಿಂತ ಯೋಗ ಮಾಡಿದವರ ನೋವು 100 ಅಂಕದ ಅಳತೆಯಲ್ಲಿ ನಾಲ್ಕೈದು ಅಂಕ ಕಡಿಮೆಯಾಯಿತು. ರೋಗಿಗೆ ಅದು ಗಮನಕ್ಕೇ ಬಾರದಷ್ಟು ಸಣ್ಣದು ಎಂದು ಪರಾಮರ್ಶೆ ಮಾಡಿದವರೇ ಒಪ್ಪಿದ್ದಾರೆ. ಓಡಾಟದಲ್ಲೂ ಸುಧಾರಣೆ ಕಂಡಿತು, ಅದೂ ಚಿಕ್ಕದೇ. ಬೇರೆ ಬಗೆಯ ವ್ಯಾಯಾಮಕ್ಕೆ ಹೋಲಿಸಿದರೆ ಯೋಗಕ್ಕೆ ಹೇಳಿಕೊಳ್ಳುವಂಥ ಮೇಲುಗೈ ಇರಲಿಲ್ಲ. ಕೆಲವರಿಗೆ ಯೋಗದಿಂದಲೇ ಬೆನ್ನು ನೋವು ಏರಿತ್ತು. ಇತರ ವ್ಯಾಯಾಮಗಳಲ್ಲೂ ಅಷ್ಟೇ.

ಇದನ್ನು ಓದಿ ಯೋಗಾಭಿಮಾನಿಗಳು ಮುಖ ಸಿಂಡರಿಸಬೇಕಿಲ್ಲ. 2011ರಲ್ಲಿ ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದ ತಂಡ 313 ಮಂದಿಯ ಮೇಲೆ ಮಾಡಿದ ಪ್ರಯೋಗದಲ್ಲಿ 12 ವಾರದ ಯೋಗ ತರಗತಿಗೆ ಬಂದವರ ನೋವಿನ ಅಂಕ ಉಳಿದವರಷ್ಟೇ ಇತ್ತು. ಆದರೆ ಬೆನ್ನಿನ ಕಾರ್ಯಕ್ಷಮತೆ ಒಂದು ವರ್ಷದ ನಂತರವೂ ಮೇಲಿತ್ತು. 2017ರಲ್ಲಿ ಬಾಸ್ಟನ್ ಸುತ್ತಮುತ್ತ ಬಹುತೇಕ ಕಡಿಮೆ ಆದಾಯದ 320 ಮಂದಿಯ ಮೇಲೆ ನಡೆದ ಪ್ರಯೋಗದಲ್ಲಿ ಯೋಗ ಫಿಸಿಯೊಥೆರಪಿಗೆ ಸರಿಸಮವಾಗಿ ನಿಂತಿತು. ಅದೇ ವರ್ಷ ಅಮೆರಿಕದ ವೈದ್ಯರ ಸಂಘಟನೆಯಾದ ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ ದೀರ್ಘಕಾಲದ ಸೊಂಟ ನೋವಿಗೆ ಮೊದಲು ಔಷಧವಿಲ್ಲದ ಉಪಾಯಗಳನ್ನು ನೋಡಿ ಎಂದು ಸಲಹೆ ಕೊಟ್ಟು, ಆ ಪಟ್ಟಿಯಲ್ಲಿ ಯೋಗ ಮತ್ತು ಧ್ಯಾನವನ್ನು ಸೇರಿಸಿತು. ಅರೆತಲೆನೋವಿನಲ್ಲಿ ಫಲ ಇನ್ನೂ ಸ್ಪಷ್ಟ: ದೆಹಲಿಯ ಏಮ್ಸ್ 160 ಮಂದಿಯನ್ನು ಸೇರಿಸಿಕೊಂಡು ನಡೆಸಿ 2020ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಔಷಧದ ಜೊತೆಗೆ ಮೂರು ತಿಂಗಳು ಯೋಗ ಮಾಡಿದವರಿಗೆ ನೋವು ಬರುವುದೂ ಅದರ ತೀವ್ರತೆಯೂ ನುಂಗುವ ಮಾತ್ರೆಯೂ ಔಷಧ ಮಾತ್ರ ತೆಗೆದುಕೊಂಡವರಿಗಿಂತ ಕಡಿಮೆಯಾದವು.

ವ್ಯಾಯಾಮಕ್ಕೆ ಸಮ ಎನ್ನುವುದು ಬೆಂಗಳೂರಿನ ಪಶ್ಚಿಮಕ್ಕೆ ಸಣ್ಣ ಮಾತಲ್ಲ. ಫಿಸಿಯೊಥೆರಪಿಗೆ ಪ್ರತಿ ಸಿಟ್ಟಿಂಗಿಗೂ ಹಣ ಬೇಕು; ಹತ್ತು ಸಿಟ್ಟಿಂಗ್ ಮುಗಿದ ಮೇಲೆ ಮನೆಯಲ್ಲಿ ಮುಂದುವರಿಸುವವರು ಕಡಿಮೆ. ಅಮ್ಮಂದಿರು ಜಿಮ್ಮಿಗೆ ಹೋಗುವುದಿಲ್ಲ. ಯೋಗ ತರಗತಿಗೆ ಹೋಗುತ್ತಾರೆ, ಜೊತೆಗೆ ಪಕ್ಕದ ಮನೆಯವರನ್ನೂ ಕರೆದೊಯ್ಯುತ್ತಾರೆ.

ಧ್ಯಾನ

ಧ್ಯಾನ ಮತ್ತು ನೋವಿನ ಸಂಬಂಧದ ಬಗ್ಗೆ ವಿಪಸ್ಸನ ಪರಂಪರೆಯಲ್ಲೊಂದು ಪ್ರಸಂಗವಿದೆ. ಬರ್ಮಾದಲ್ಲಿ ವ್ಯಾಪಾರಿಯಾಗಿದ್ದ ಸತ್ಯನಾರಾಯಣ ಗೋಯೆಂಕಾ (1924–2013) ತೀವ್ರ ಅರೆತಲೆನೋವಿನಿಂದ ಮಾರ್ಫೀನ್ ಚುಚ್ಚುಮದ್ದಿನವರೆಗೆ ಹೋಗಿದ್ದರು. 1955ರಲ್ಲಿ ಅವರು ಧ್ಯಾನ ಶಿಕ್ಷಕ ಊ ಬಾ ಖಿನ್ ಬಳಿ ಬಂದರು. ಸರ್ಕಾರದ ಉನ್ನತ ಅಧಿಕಾರಿಯೂ ಆಗಿದ್ದ ಗುರು ಅವರನ್ನು ಮೊದಲು ಸೇರಿಸಿಕೊಳ್ಳಲಿಲ್ಲ: ತಲೆನೋವು ಕಳೆಯಲೆಂದೇ ಬರುವುದಾದರೆ ಇದು ಅದಕ್ಕಲ್ಲ ಎಂದರು. ಗೋಯೆಂಕಾ 1969ರಲ್ಲಿ ಭಾರತಕ್ಕೆ ಬಂದು ಹತ್ತು ದಿನದ ಶಿಬಿರಗಳನ್ನು ಆರಂಭಿಸಿದರು. ಬೆಂಗಳೂರಿನವರಿಗೆ ಹತ್ತಿರದ ಕೇಂದ್ರ ತುಮಕೂರು ರಸ್ತೆಯ ಕಡೆಗಿನ ಆಲೂರಿನ ಧಮ್ಮ ಪಫುಲ್ಲ. ಶುಲ್ಕವಿಲ್ಲ, ನಡೆಯುವುದು ದಾನದಿಂದ. ಸೊಂಟ ನೋವಿದ್ದವರು ದಿನಕ್ಕೆ ಹತ್ತು ಗಂಟೆ ಕೂರಬೇಕಾದ ಈ ಶಿಬಿರಕ್ಕೆ ಮೊದಲ ಹೆಜ್ಜೆಯಾಗಿ ಹೋಗುವುದು ಜಾಣತನವಲ್ಲ. ಹೋಗಲೇಬೇಕೆಂದರೆ ಅಲ್ಲಿ ಕುರ್ಚಿ ಕೇಳಿ ಪಡೆಯಬಹುದು.

ಆಸ್ಪತ್ರೆಗೆ ಧ್ಯಾನವನ್ನು ತಂದವರು ಅಮೆರಿಕದ ಜಾನ್ ಕಬಾಟ್ ಜಿನ್. ವೈದ್ಯರು ಇನ್ನೇನೂ ಮಾಡಲಾಗದೆಂದು ಕೈಬಿಟ್ಟ ನೋವಿನ ರೋಗಿಗಳಿಗಾಗಿ ಅವರು 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ತರಗತಿ ತೆರೆದರು. ಬೌದ್ಧ ಧ್ಯಾನ ಮತ್ತು ಹಠಯೋಗ ಎರಡನ್ನೂ ಸೇರಿಸಿ, ಧರ್ಮದ ಮಾತಿಲ್ಲದೆ ಕಟ್ಟಿದ ಕ್ರಮ ಅದು. 2016ರಲ್ಲಿ ಜಾಮಾ ಪತ್ರಿಕೆಯಲ್ಲಿ ಬಂದ, 342 ಮಂದಿಯ ಮೇಲಿನ ಪ್ರಯೋಗದಲ್ಲಿ ಆರು ತಿಂಗಳ ಕೊನೆಗೆ ಈ ಕ್ರಮದವರಲ್ಲಿ ಶೇ. 60.5ರಷ್ಟು ಮಂದಿಯ ಓಡಾಟ ಗಣನೀಯವಾಗಿ ಸುಧಾರಿಸಿತ್ತು; ಮಾಮೂಲಿ ಚಿಕಿತ್ಸೆಯವರಲ್ಲಿ ಶೇ. 44.1.

ಧ್ಯಾನ ಏನು ಮಾಡುತ್ತದೆ ಎಂಬುದಕ್ಕೆ ಫಾದೆಲ್ ಜೈದಾನ್ ಅವರ 2011ರ ಪ್ರಯೋಗ ಒಳ್ಳೆಯ ಸುಳಿವು. ನಾಲ್ಕು ದಿನ, ದಿನಕ್ಕೆ 20 ನಿಮಿಷ ಉಸಿರಿನ ಧ್ಯಾನ ಕಲಿತ 15 ಆರೋಗ್ಯವಂತರ ಚರ್ಮಕ್ಕೆ 49 ಡಿಗ್ರಿ ಶಾಖ ತಾಗಿಸಿದರು. ಧ್ಯಾನದಲ್ಲಿದ್ದಾಗ ನೋವಿನ ತೀವ್ರತೆ ಶೇ. 40ರಷ್ಟು ಇಳಿಯಿತು, ಆ ನೋವು ಎಷ್ಟು ಅಸಹನೀಯ ಎಂಬ ಅಂಕ ಶೇ. 57ರಷ್ಟು ಇಳಿಯಿತು. ನೋವಿಗಿಂತ ನೋವಿನ ಸಂಕಟ ಹೆಚ್ಚು ತಗ್ಗಿತು. ಮಾರ್ಫೀನ್‌ನ ಪರಿಣಾಮವನ್ನು ತಡೆಯುವ ನಲಾಕ್ಸೋನ್ ಕೊಟ್ಟರೂ ಧ್ಯಾನದ ಈ ಪರಿಣಾಮ ಉಳಿಯಿತೆಂದು ಅವರ ತಂಡ 2016ರಲ್ಲಿ ತೋರಿಸಿತು. ಎಂದರೆ ದೇಹ ತಾನೇ ತಯಾರಿಸುವ ಅಫೀಮಿನಂಥ ರಾಸಾಯನಿಕಗಳಿಂದ ಮಾತ್ರ ಆಗುವ ಕೆಲಸ ಇದಲ್ಲ. ನಾಲ್ಕು ದಿನದ ಪಾಠ, ಪ್ರಯೋಗಾಲಯದ ಶಾಖ. ಹತ್ತು ವರ್ಷದ ಮಂಡಿ ನೋವು ಹಾಗೆ ಬಗ್ಗುತ್ತದೆಂದು ಯಾರೂ ಹೇಳಿಲ್ಲ.

ಬಡಾವಣೆಯ ತರಗತಿ

ಪಶ್ಚಿಮ ಬೆಂಗಳೂರಿನಲ್ಲಿ ಯೋಗ ಹೆಚ್ಚಾಗಿ ನಡೆಯುವುದು ಆಸ್ಪತ್ರೆಯಲ್ಲಲ್ಲ. ಉದ್ಯಾನದ ಕಟ್ಟೆ, ಸಮುದಾಯ ಭವನ, ದೇವಸ್ಥಾನದ ಹಾಲ್, ಶಾಲೆಯ ಅಂಗಳ, ಛತ್ರದ ಮಹಡಿಗಳಲ್ಲಿ. ತುಮಕೂರಿನಲ್ಲಿ ಹುಟ್ಟಿದ ಶ್ರೀ ಪತಂಜಲಿ ಯೋಗ ಶಿಕ್ಷಣ ಸಮಿತಿಯಂಥ ಸಂಘಟನೆಗಳು ನಸುಕಿನಲ್ಲಿ ಉಚಿತ ತರಗತಿ ನಡೆಸುತ್ತವೆ. ಜಮಖಾನ ಹಾಸಿ, ಪ್ರಾರ್ಥನೆ, ಶಿಥಿಲೀಕರಣ, ಸೂರ್ಯನಮಸ್ಕಾರ, ಆಸನ, ಪ್ರಾಣಾಯಾಮ, ಕೊನೆಗೆ ಶವಾಸನ. ಕಲಿಸುವವರು ಬಹುಪಾಲು ಸ್ವಯಂಸೇವಕರು, ಕನ್ನಡದಲ್ಲಿ ಕಲಿಸುತ್ತಾರೆ. ಹಬ್ಬ, ಹುಟ್ಟುಹಬ್ಬಗಳಿಗೆ ಸಿಹಿಯೂ ಇರುತ್ತದೆ. ಒಂದು ದಿನ ಹೋಗದಿದ್ದರೆ ಯಾಕೆ ಬರಲಿಲ್ಲ ಎಂದು ಕೇಳುವವರಿದ್ದಾರೆ. ದೀರ್ಘಕಾಲದ ನೋವಿಗೆ ಈ ಕೊನೆಯ ಅಂಶ ಸಣ್ಣ ಔಷಧವಲ್ಲ: ನೋವಿನವರು ಬೇಗ ಒಂಟಿಯಾಗುತ್ತಾರೆ, ಬಿಟ್ಟುಬಿಡುವವರು ಹೆಚ್ಚು, ವರ್ಷಗಟ್ಟಲೆ ಬಿಡದೆ ಮಾಡಿಸುವ ಶಕ್ತಿ ವಾರದ ಶಿಬಿರಕ್ಕಿಂತ ಬೀದಿ ತುದಿಯ ತರಗತಿಗೇ ಇದೆ.

ಅದರ ದೌರ್ಬಲ್ಯವೂ ಅಲ್ಲೇ ಇದೆ. ಐವತ್ತು ಮಂದಿ ಒಟ್ಟಿಗೆ ಮಾಡುವ ತರಗತಿಯಲ್ಲಿ ಎಲ್ಲರಿಗೂ ಒಂದೇ ಪಾಠ. ಮಂಡಿ ಸವೆದವರಿಗೆ ವಜ್ರಾಸನ, ಪದ್ಮಾಸನ ಬೇಡ, ಕುರ್ಚಿ ಬೇಕು. ಡಿಸ್ಕ್ ಹೊರಚಾಚಿ ಕಾಲಿಗೆ ಎಳೆತ ಇರುವವರು ಪಶ್ಚಿಮೋತ್ತಾನಾಸನದಂಥ ಮುಂಬಾಗುವ ಆಸನಗಳನ್ನು, ಮೂಳೆ ಟೊಳ್ಳಾದ ವೃದ್ಧರು ಬೆನ್ನು ಜೋರಾಗಿ ಬಗ್ಗಿಸುವ, ತಿರುಚುವ ಆಸನಗಳನ್ನು ಬಿಡಬೇಕು. ಗ್ಲಾಕೋಮ ಅಥವಾ ಹತೋಟಿಗೆ ಬಾರದ ರಕ್ತದೊತ್ತಡ ಇದ್ದವರು ತಲೆಕೆಳಗಾಗುವ ಆಸನಗಳಿಂದ ದೂರವಿರಬೇಕು. ಸಂಧಿವಾತದವರು ಕೀಲು ಬಿಸಿಯಾಗಿ ಊದಿರುವ ದಿನ ಅದನ್ನು ಎಳೆದಾಡಬಾರದು. ರಥಸಪ್ತಮಿಯಂದು ಮೈದಾನಗಳಲ್ಲಿ ನಡೆಯುವ 108 ಸೂರ್ಯನಮಸ್ಕಾರ ಗಟ್ಟಿ ಮೈಯವರ ಉತ್ಸವ. ಸೊಂಟ ನೋವಿನವರಿಗೆ ಅದು ಚಿಕಿತ್ಸೆಯಲ್ಲ. ಉತ್ಸಾಹದಿಂದ ಸೇರಿ ಮರುದಿನ ಏಳಲಾಗದೆ ಯೋಗವನ್ನೇ ದೂರುವವರನ್ನು ಪ್ರತಿ ವರ್ಷ ಕಾಣಬಹುದು.

ಸೊಂಟ ನೋವಿಗೆ ಸಾಮಾನ್ಯವಾಗಿ ಆರಂಭಿಸುವ ಕ್ರಮ ಸೌಮ್ಯವಾದದ್ದು: ಮಕರಾಸನ, ಮಾರ್ಜಾಲಾಸನ, ಒಂದೊಂದೇ ಕಾಲಿನ ಪವನಮುಕ್ತಾಸನ, ಸೇತುಬಂಧಾಸನ, ಅರ್ಧ ಎತ್ತರದ ಭುಜಂಗಾಸನ, ನಿಧಾನದ ಉಸಿರು, ಭ್ರಾಮರಿ, ಯೋಗನಿದ್ರೆ. ಹಿಡಿಯಬೇಕಾದ ಸೂತ್ರ ಸರಳ. ಮಾಡುವಾಗ ಎಳೆತ ಇರಬಹುದು, ಚುಚ್ಚುವ ನೋವು ಇರಬಾರದು. ಮರುದಿನ ಬೆಳಿಗ್ಗೆ ನೋವು ಏರಿದ್ದರೆ ಹಿಂದಿನ ದಿನದ್ದು ಅತಿಯಾಯಿತು, ಅರ್ಧಕ್ಕೆ ಇಳಿಸಬೇಕು, ನಿಲ್ಲಿಸಬಾರದು. ನೋವಿಲ್ಲದ ದಿನ ಹುರುಪಿನಿಂದ ಎಲ್ಲ ಮಾಡಿ, ನೋವಿದ್ದ ದಿನ ಹಾಸಿಗೆ ಹಿಡಿಯುವ ಏರಿಳಿತಕ್ಕಿಂತ ದಿನವೂ ಇಪ್ಪತ್ತು ನಿಮಿಷ ಮೇಲು. ಆರೆಂಟು ವಾರಕ್ಕೆ ಮುಂಚೆ ಫಲದ ಲೆಕ್ಕ ಹಾಕಬಾರದು. ಲೆಕ್ಕ ಹಾಕುವಾಗಲೂ ನೋವು ಎಷ್ಟಿದೆ ಎಂದಲ್ಲ, ಎಷ್ಟು ಮೆಟ್ಟಿಲು ಹತ್ತಿದೆ, ಎಷ್ಟು ಹೊತ್ತು ನಿಂತು ಅಡುಗೆ ಮಾಡಿದೆ, ರಾತ್ರಿ ಎಷ್ಟು ಸಲ ಎಚ್ಚರವಾಯಿತು ಎಂದು ನೋಡಬೇಕು.

ಕೆಲವು ಲಕ್ಷಣಗಳಿದ್ದಾಗ ಚಾಪೆ ಬಿಟ್ಟು ನೇರ ಆಸ್ಪತ್ರೆಗೆ ಹೋಗಬೇಕು: ಮೂತ್ರ ಮಲ ಹತೋಟಿ ತಪ್ಪುವುದು, ತೊಡೆಸಂದಿಯ ಸುತ್ತ ಸ್ಪರ್ಶ ತಿಳಿಯದಿರುವುದು, ಕಾಲು ಬಲ ಕಳೆದುಕೊಳ್ಳುವುದು, ಬೆನ್ನು ನೋವಿನ ಜೊತೆ ಜ್ವರ ಅಥವಾ ಕಾರಣವಿಲ್ಲದ ತೂಕ ಇಳಿತ, ರಾತ್ರಿ ಮಲಗಿದರೂ ಬಿಡದ ನೋವು, ಬಿದ್ದ ಮೇಲೆ ಶುರುವಾದ ನೋವು. ಹಿಂದೆ ಕ್ಯಾನ್ಸರ್ ಆಗಿದ್ದವರಿಗೆ ಹೊಸ ಬೆನ್ನು ನೋವು ಬಂದರೆ ಯೋಗ ಶಿಕ್ಷಕರನ್ನು ಕೇಳುವ ವಿಷಯವೇ ಅಲ್ಲ. ಸಂಧಿವಾತದ ಮಾತ್ರೆಗಳನ್ನು ಯೋಗದ ನಂಬಿಕೆಯಿಂದ ತಾವಾಗಿ ನಿಲ್ಲಿಸಿದವರ ಕೀಲುಗಳು ಸರಿಪಡಿಸಲಾಗದಷ್ಟು ಕೆಡಬಹುದು.

ವೈಯಕ್ತಿಕ ಚಿಕಿತ್ಸೆ ಬೇಕಾದವರು ಶಿಕ್ಷಕರ ತರಬೇತಿ ಏನೆಂದು ಕೇಳುವುದು ಒಳ್ಳೆಯದು. ಐದೂವರೆ ವರ್ಷದ ಬಿಎನ್‌ವೈಎಸ್ ಪದವಿ ಪಡೆದವರು ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ವೈದ್ಯರು. ಕೇಂದ್ರ ಆಯುಷ್ ಸಚಿವಾಲಯದ ಯೋಗ ಪ್ರಮಾಣೀಕರಣ ಮಂಡಳಿ ಶಿಕ್ಷಕರಿಗೆ ಬೇರೆ, ಚಿಕಿತ್ಸಕರಿಗೆ ಬೇರೆ ಪ್ರಮಾಣಪತ್ರ ಕೊಡುತ್ತದೆ. ಬಡಾವಣೆಯ ಸ್ವಯಂಸೇವಕರು ಇವೆರಡೂ ಅಲ್ಲದಿರಬಹುದು, ಆದರೂ ಒಳ್ಳೆಯ ಶಿಕ್ಷಕರಾಗಿರಬಹುದು. ಅವರಿಗೆ ತಮ್ಮ ನೋವಿನ ವಿಷಯವನ್ನು ಮೊದಲೇ ತಿಳಿಸುವುದು ಸೇರುವವರ ಹೊಣೆ. ವಿಜಯನಗರದ ಶ್ರೀ ಕಾಲಭೈರವೇಶ್ವರ ಸ್ವಾಮಿ ಆಯುರ್ವೇದ ವೈದ್ಯಕೀಯ ಕಾಲೇಜು ಆಸ್ಪತ್ರೆ, ಮೆಜೆಸ್ಟಿಕ್ ಬಳಿಯ ಧನ್ವಂತರಿ ರಸ್ತೆಯ ಸರ್ಕಾರಿ ಜಯಚಾಮರಾಜೇಂದ್ರ ಭಾರತೀಯ ವೈದ್ಯ ವಿಜ್ಞಾನ ಸಂಸ್ಥೆ ಈ ಭಾಗದವರಿಗೆ ಬಸ್ಸು, ಮೆಟ್ರೊಗಳಲ್ಲಿ ತಲುಪಬಹುದಾದ ಆಯುಷ್ ಆಸ್ಪತ್ರೆಗಳು.

ತರಗತಿಗೆ ಬರುವವರು ಯಾರು ಎಂದು ನೋಡಿದರೆ ನಿವೃತ್ತರು, ಮಕ್ಕಳು ದೊಡ್ಡವರಾದ ಗೃಹಿಣಿಯರು, ಸ್ವಂತ ಅಂಗಡಿಯವರು. ಐದೂವರೆಗೆ ಜಮಖಾನದ ಮೇಲೆ ಕೂರಲು ಬೆಳಗಿನ ಹೊತ್ತು ತಮ್ಮದಾಗಿರಬೇಕು. ಗಾರ್ಮೆಂಟ್ಸ್ ಕಾರ್ಖಾನೆಯ ಹೆಣ್ಣುಮಗಳಿಗೆ ಅದೇ ಹೊತ್ತಿಗೆ ನೀರು ಹಿಡಿಯಬೇಕು, ಡಬ್ಬಿ ಕಟ್ಟಬೇಕು, ಮಕ್ಕಳನ್ನು ಎಬ್ಬಿಸಬೇಕು. ಸಂಜೆ ಮರಳುವಾಗ ಭವನದ ಬಾಗಿಲು ಮುಚ್ಚಿರುತ್ತದೆ. ಕತ್ತು, ಸೊಂಟ ಹೆಚ್ಚು ನೋಯುವುದು ಇವರದೇ. ಊಟದ ಬಿಡುವಿನ ಆಚೀಚೆ ಹೊಲಿಗೆ ಯಂತ್ರದ ಪಕ್ಕದಲ್ಲೇ ನಿಂತು ಮಾಡುವ ಹತ್ತು ನಿಮಿಷದ ಶಿಥಿಲೀಕರಣ, ಭಾನುವಾರ ಮಧ್ಯಾಹ್ನದ ತರಗತಿ, ಇಎಸ್‌ಐ ಚಿಕಿತ್ಸಾಲಯಗಳಲ್ಲಿ ಸಂಜೆ ಪಾಳಿಯ ಯೋಗ ಚಿಕಿತ್ಸಕರು: ಇಂಥ ಏರ್ಪಾಡಿಗೆ ಖರ್ಚು ಹೆಚ್ಚಿಲ್ಲ. ಯೋಗದ ಪರವಾಗಿರುವ ಪುರಾವೆಯಲ್ಲಿ ಬಲವಾದ ಭಾಗ, ಅಂದರೆ ಬಿಡದೆ ಮಾಡಿದವರ ಓಡಾಟ ಸುಧಾರಿಸುತ್ತದೆ ಎಂಬುದು, ಈ ಹೆಂಗಸರವರೆಗೆ ತಲುಪಬೇಕಾದರೆ ತರಗತಿಯ ವೇಳಾಪಟ್ಟಿ ಮೊದಲು ಬದಲಾಗಬೇಕು.